ಫೋನೇ ಆಂಟೆನಾ: ಹಿಗ್ಗುತ್ತಿರುವ ಬ್ಯಾಂಡ್‌ಗಳಿಗೆ ಸ್ಮಾರ್ಟ್‌ಫೋನ್ ಆಂಟೆನಾ ವಿನ್ಯಾಸದ ಸಮಗ್ರ ಮಾರ್ಗದರ್ಶಿ

ಸ್ಮಾರ್ಟ್‌ಫೋನ್ ಒಂದನ್ನು ಬಿಚ್ಚಿ ಆಂಟೆನಾ ಎಲ್ಲಿದೆ ಎಂದು ಕೇಳಿದರೆ ಬಹುತೇಕರು ಅಂಚಿನಲ್ಲಿರುವ ಒಂದು ತಾಮ್ರದ ಪಟ್ಟಿಯನ್ನೋ, ಲೋಹದ ಚೌಕಟ್ಟಿಗೆ ಒತ್ತಿಕೊಂಡಿರುವ ಪುಟ್ಟ ಸ್ಪ್ರಿಂಗನ್ನೋ ತೋರಿಸುತ್ತಾರೆ. ಈ ಕೆಲಸಕ್ಕೆ ಬಂದ ಹೊಸತರಲ್ಲಿ ನಾನೂ ಹಾಗೆಯೇ ತೋರಿಸುತ್ತಿದ್ದೆ. ಆ ಪಟ್ಟಿಯನ್ನು ಮಿಲಿಮೀಟರ್ ಲೆಕ್ಕದಲ್ಲಿ ಕತ್ತರಿಸುತ್ತ, ಅಂಟಿಸುತ್ತ ವಾರಗಟ್ಟಲೆ ಕಳೆದ ಮೇಲೆ ತಿಳಿದದ್ದೇ ಬೇರೆ. ಕೆಳ ಆವರ್ತನಗಳಲ್ಲಿ ಆ ಪಟ್ಟಿ ಕೇವಲ ಎಬ್ಬಿಸುವ ಕೋಲು. ಅಲೆಯನ್ನು ಹೊರಗೆ ಚೆಲ್ಲುವುದು ಇಡೀ ಫೋನಿನ ಲೋಹ. ಬೋರ್ಡು, ಡಿಸ್‌ಪ್ಲೇಯ ಹಿಂದಿನ ತಗಡು, ಬ್ಯಾಟರಿಯ ಹೊದಿಕೆ, ಚೌಕಟ್ಟು ಎಲ್ಲವೂ ಸೇರಿದ್ದೇ ಆಂಟೆನಾ. ಈ ಮಾರ್ಗದರ್ಶಿಯ ಹಂತಗಳ ಕ್ರಮವೂ ಆ ತಿಳಿವಳಿಕೆಯಿಂದಲೇ ಬಂದಿದೆ. ಪಟ್ಟಿಯ ಆಕಾರದ ಮಾತು ಐದನೆಯ ಹಂತದವರೆಗೂ ಬರುವುದಿಲ್ಲ.

ಇಂಪಿಡೆನ್ಸ್, ಪ್ರತಿಫಲನ, ಡೆಸಿಬೆಲ್ ಇವುಗಳ ಪರಿಚಯ ಓದುಗರಿಗೆ ಇದೆ ಎಂದುಕೊಂಡು ಬರೆಯುತ್ತಿದ್ದೇನೆ.

ಹಂತ 1: ಬ್ಯಾಂಡ್‌ಗಳ ಪಟ್ಟಿಯನ್ನು ತರಂಗಾಂತರಕ್ಕೆ ಇಳಿಸಿ

ಮಾರಾಟ ವಿಭಾಗದಿಂದ ಬರುವ ಪಟ್ಟಿಯಲ್ಲಿ ಬ್ಯಾಂಡ್ (ಆವರ್ತನಗಳ ಒಂದು ಹರಹು) ಸಂಖ್ಯೆಗಳು ಮಾತ್ರ ಇರುತ್ತವೆ. ಪ್ರತಿಯೊಂದರ ಎದುರಿಗೆ ಆವರ್ತನವನ್ನೂ ತರಂಗಾಂತರದ ಕಾಲುಭಾಗವನ್ನೂ ಬರೆದುಕೊಳ್ಳಿ. 5ಜಿಯ ಎನ್71 ಬ್ಯಾಂಡ್ 617 ಮೆಗಾಹರ್ಟ್ಸ್‌ನಲ್ಲಿ ಆರಂಭವಾಗುತ್ತದೆ. ಅಲ್ಲಿ ಕಾಲು ತರಂಗಾಂತರ ಸುಮಾರು 121 ಮಿ.ಮೀ. ಎನ್28 ಬ್ಯಾಂಡ್ 703ರಿಂದ 803 ಮೆಗಾಹರ್ಟ್ಸ್‌ವರೆಗೆ ಹಬ್ಬಿದೆ. ಎನ್78ರದು 3300ರಿಂದ 3800, ಎನ್79ರದು 4400ರಿಂದ 5000. ಇಲ್ಲಿ ಕಾಲು ತರಂಗಾಂತರ 23 ಮಿ.ಮೀ.ನಿಂದ 15 ಮಿ.ಮೀ.ಗೆ ಇಳಿಯುತ್ತದೆ. 28 ಗಿಗಾಹರ್ಟ್ಸ್‌ಗೆ ಬಂದರೆ ಪೂರ್ಣ ತರಂಗಾಂತರವೇ 10.7 ಮಿ.ಮೀ. ಇವುಗಳ ಜೊತೆಗೆ ಜಿಪಿಎಸ್‌ಗೆ 1575.42 ಮತ್ತು 1176.45 ಮೆಗಾಹರ್ಟ್ಸ್, ವೈಫೈಗೆ 2.4 ಮತ್ತು 5 ಗಿಗಾಹರ್ಟ್ಸ್, ಹೊಸ ವೈಫೈಗೆ 5925ರಿಂದ 7125 ಮೆಗಾಹರ್ಟ್ಸ್, ಅಲ್ಟ್ರಾ ವೈಡ್‌ಬ್ಯಾಂಡ್‌ಗೆ 6.5 ಮತ್ತು 8 ಗಿಗಾಹರ್ಟ್ಸ್ ಆಸುಪಾಸು, ಎನ್‌ಎಫ್‌ಸಿಗೆ 13.56 ಮೆಗಾಹರ್ಟ್ಸ್ ಬೇಕು.

ಪಟ್ಟಿ ಇಲ್ಲಿಗೇ ನಿಲ್ಲುವುದೂ ಇಲ್ಲ. 2023ರ ವಿಶ್ವ ರೇಡಿಯೊ ಸಮ್ಮೇಳನ 6425ರಿಂದ 7125 ಮೆಗಾಹರ್ಟ್ಸ್ ಭಾಗವನ್ನು ಹಲವು ದೇಶಗಳಲ್ಲಿ ಮೊಬೈಲ್ ಸೇವೆಗೆ ಗುರುತಿಸಿತು. 2027ರ ಸಮ್ಮೇಳನದ ಮುಂದೆ 7125ರಿಂದ 8400 ಮೆಗಾಹರ್ಟ್ಸ್ ಮತ್ತು 14.8ರಿಂದ 15.35 ಗಿಗಾಹರ್ಟ್ಸ್ ಭಾಗಗಳ ಅಧ್ಯಯನವಿದೆ. ಎರಡು ವರ್ಷಗಳ ಮುಂದಿನ ಫೋನಿಗೆ ಇಂದು ಚೌಕಟ್ಟು ರೂಪಿಸುವವರು ಈ ಸಾಲುಗಳಿಗೂ ಪಟ್ಟಿಯಲ್ಲಿ ಜಾಗ ಬಿಡಬೇಕು.

ಇದೇ ಪಟ್ಟಿಯಲ್ಲಿ ಇನ್ನೊಂದು ಅಂಕಣವನ್ನು ಕಡ್ಡಾಯವಾಗಿ ಸೇರಿಸಿ: ಯಾವ ಬ್ಯಾಂಡ್ ಯಾವುದರೊಂದಿಗೆ ಏಕಕಾಲಕ್ಕೆ ಕೆಲಸ ಮಾಡಬೇಕು? 4ಜಿ ಮತ್ತು 5ಜಿ ಒಟ್ಟಿಗೆ ನಡೆಯುವಾಗ, ಹಲವು ಬ್ಯಾಂಡ್‌ಗಳನ್ನು ಕೂಡಿಸಿ ವೇಗ ಹೆಚ್ಚಿಸುವಾಗ, ಆಂಟೆನಾ ಒಂದೇ ಗಳಿಗೆಯಲ್ಲಿ ಎರಡು ಮೂರು ಕಡೆ ಅನುರಣಿಸಬೇಕು. ಈ ಅಂಕಣ ಖಾಲಿ ಉಳಿದ ಯೋಜನೆಗಳು ಕೊನೆಯ ತಿಂಗಳಲ್ಲಿ ಸಂಕಟಕ್ಕೆ ಸಿಲುಕುವುದನ್ನು ಕಂಡಿದ್ದೇನೆ.

ಹಂತ 2: ಸಾಫ್ಟ್‌ವೇರ್ ತೆರೆಯುವ ಮುನ್ನ ಒಂದು ಕೈಲೆಕ್ಕ

ಚಿಕ್ಕ ಆಂಟೆನಾದಿಂದ ಎಷ್ಟು ಅಗಲದ ಬ್ಯಾಂಡ್ ಹಿಂಡಬಹುದು ಎಂಬುದಕ್ಕೆ ನಿಸರ್ಗವೇ ಮಿತಿ ಹಾಕಿದೆ. ಎಂಜಿನಿಯರುಗಳಾದ ವೀಲರ್ 1947ರಲ್ಲಿ, ಚೂ 1948ರಲ್ಲಿ ಈ ಮಿತಿಯನ್ನು ಬರೆದಿಟ್ಟರು. ಆಂಟೆನಾವನ್ನು ಪೂರ್ತಿಯಾಗಿ ಒಳಗೊಳ್ಳುವ ಒಂದು ಗೋಳವನ್ನು ಊಹಿಸಿಕೊಳ್ಳಿ. ಅದರ ತ್ರಿಜ್ಯವನ್ನು ತರಂಗಾಂತರದಿಂದ ಭಾಗಿಸಿ, 2ಪೈನಿಂದ ಗುಣಿಸಿ. ಬಂದ ಸಂಖ್ಯೆಯ ವಿಲೋಮಕ್ಕೆ ಅದರ ಘನದ ವಿಲೋಮವನ್ನು ಕೂಡಿಸಿ. ಆಂಟೆನಾದ ಕ್ಯೂ (ಕೂಡಿಟ್ಟ ಶಕ್ತಿಗೂ ಹೊರಹೋಗುವ ಶಕ್ತಿಗೂ ಇರುವ ಅನುಪಾತದ ಅಂಕ) ಆ ಮೊತ್ತಕ್ಕಿಂತ ಕೆಳಗೆ ಇಳಿಯಲಾರದು. ಕ್ಯೂ ಹೆಚ್ಚಿದಷ್ಟೂ ಬ್ಯಾಂಡ್ ಕಿರಿದು.

ಒಂದು ಉದಾಹರಣೆ ಮಾಡಿ ನೋಡೋಣ. ಫೋನಿನ ಕೆಳ ಅಂಚಿನಲ್ಲಿ 60 ಮಿ.ಮೀ. ಉದ್ದದ ಪಟ್ಟಿ ಇದೆ. ಗೋಳದ ತ್ರಿಜ್ಯ 30 ಮಿ.ಮೀ. 750 ಮೆಗಾಹರ್ಟ್ಸ್‌ನಲ್ಲಿ ತರಂಗಾಂತರ 400 ಮಿ.ಮೀ. ಆದ್ದರಿಂದ ನಮ್ಮ ಸಂಖ್ಯೆ 0.47. ಕ್ಯೂ ಕನಿಷ್ಠ 11.7 ಎಂದಾಗುತ್ತದೆ. ನಿಂತ ಅಲೆಯ ಅನುಪಾತವನ್ನು (ಪ್ರತಿಫಲನದ ಒಂದು ಅಳತೆ) 3ರವರೆಗೆ ಒಪ್ಪಿಕೊಂಡರೂ ಸಿಗುವ ಬ್ಯಾಂಡ್ ಶೇ 10ರ ಒಳಗೆ, ಎಂದರೆ ಸುಮಾರು 74 ಮೆಗಾಹರ್ಟ್ಸ್. ಎನ್28 ಒಂದಕ್ಕೇ 100 ಬೇಕು. 617ರಿಂದ 960ರವರೆಗಿನ ಎಲ್ಲ ಕೆಳ ಬ್ಯಾಂಡ್‌ಗಳಿಗೆ ಶೇ 43 ಬೇಕು. ಗೋಳವನ್ನು ತುಂಬದ ಚಪ್ಪಟೆ ಪಟ್ಟಿಯೊಂದು ಈ ಸೈದ್ಧಾಂತಿಕ ಮಿತಿಯ ಹತ್ತಿರಕ್ಕೂ ಬಾರದು.

ಈಗ ಅದೇ ಲೆಕ್ಕವನ್ನು ಇಡೀ ಫೋನಿಗೆ ಮಾಡಿ. ಕರ್ಣ 175 ಮಿ.ಮೀ. ಎಂದುಕೊಂಡರೆ ತ್ರಿಜ್ಯ 87 ಮಿ.ಮೀ. ಆಗ ಕ್ಯೂ ಮಿತಿ 1ರ ಆಸುಪಾಸಿಗೆ ಕುಸಿಯುತ್ತದೆ. ಪಟ್ಟಿಗೆ ಅಸಾಧ್ಯವಾದದ್ದು ಫೋನಿಗೆ ಸಾಧ್ಯವಾಗುವ ಗುಟ್ಟು ಈ ಎರಡು ಸಂಖ್ಯೆಗಳ ನಡುವೆ ಇದೆ. ಫೋನಿನ ಇಡೀ ಲೋಹದಲ್ಲಿ ಪ್ರವಾಹ ಹರಿಯುವಂತೆ ಮಾಡಿದವರಿಗೆ ಮಾತ್ರ ಕೆಳ ಬ್ಯಾಂಡ್ ದಕ್ಕುತ್ತದೆ.

ಹಂತ 3: ಹೊರ ವಿನ್ಯಾಸ ಗಟ್ಟಿಯಾಗುವ ಮೊದಲೇ ಜಾಗ ಕೇಳಿ

ಹೊರರೂಪ ತೀರ್ಮಾನವಾದ ಮೇಲೆ ಆಂಟೆನಾ ಎಂಜಿನಿಯರನ್ನು ಕರೆಯುವ ಪದ್ಧತಿ ಇದ್ದಲ್ಲಿ ಒಳ್ಳೆಯ ಆಂಟೆನಾ ಹುಟ್ಟುವುದಿಲ್ಲ. ಮೊದಲ ಸಭೆಯಲ್ಲೇ ಮೂರು ವಿಷಯಗಳನ್ನು ಬರೆಸಿಕೊಳ್ಳಿ. ಒಂದು, ಚೌಕಟ್ಟಿನ ಲೋಹದಲ್ಲಿ ಸೀಳುಗಳು ಎಲ್ಲಿ ಬರುತ್ತವೆ, ಅವುಗಳ ಅಗಲ ಎಷ್ಟು. ಒಂದೂವರೆ ಮಿಲಿಮೀಟರ್ ಅಗಲದ ಪ್ಲಾಸ್ಟಿಕ್ ಸೀಳಿಗೂ ಒಂದು ಮಿಲಿಮೀಟರ್ ಸೀಳಿಗೂ ತುದಿಯ ಕೆಪಾಸಿಟನ್ಸ್‌ನಲ್ಲಿ ಗಣನೀಯ ವ್ಯತ್ಯಾಸವಿದೆ. ಎರಡು, ಚೌಕಟ್ಟಿಗೂ ಒಳಗಿನ ಗ್ರೌಂಡಿಗೂ (ಬೋರ್ಡಿನ ಶೂನ್ಯ ವೋಲ್ಟೇಜಿನ ಲೋಹ) ನಡುವೆ ಲೋಹವಿಲ್ಲದ ಖಾಲಿ ಜಾಗ ಎಷ್ಟು. ಈ ಕ್ಲಿಯರೆನ್ಸ್ ಅನ್ನು ಅರ್ಧ ಮಿಲಿಮೀಟರ್ ಕಡಿಮೆ ಮಾಡಲು ಡಿಸ್‌ಪ್ಲೇ ತಂಡ ಕೊನೆಯವರೆಗೂ ಒತ್ತಾಯಿಸುತ್ತದೆ. ಬಿಟ್ಟುಕೊಡುವ ಮೊದಲು ದಕ್ಷತೆಯಲ್ಲಿ ಎಷ್ಟು ಡಿಬಿ ಹೋಗುತ್ತದೆ ಎಂದು ಸಿಮ್ಯುಲೇಷನ್ ಮಾಡಿ ಕಾಗದದ ಮೇಲೆ ತೋರಿಸಿ. ಮೂರು, ಸ್ಪೀಕರ್, ಚಾರ್ಜಿಂಗ್ ಕಿಂಡಿ, ಕಂಪನದ ಮೋಟಾರ್ ಇವು ಯಾವ ಆಂಟೆನಾದ ಒಡಲಲ್ಲಿ ಕೂರುತ್ತವೆ.

ಹಂಚಿಕೆಯ ವಾಡಿಕೆ ಹೀಗಿದೆ: ಮುಖ್ಯ ಕೆಳ ಬ್ಯಾಂಡ್ ಆಂಟೆನಾ ಫೋನಿನ ಕೆಳ ತುದಿಯಲ್ಲಿ, ಏಕೆಂದರೆ ಮಾತನಾಡುವಾಗ ತಲೆ ಅಲ್ಲಿಂದ ದೂರ, ಅದರ ಜೊತೆಗಾರ ಮೇಲ್ತುದಿಯಲ್ಲಿ, ಜಿಪಿಎಸ್ ಮತ್ತು ವೈಫೈ ಮೇಲಿನ ಮೂಲೆಗಳಲ್ಲಿ, 3ರಿಂದ 5 ಗಿಗಾಹರ್ಟ್ಸ್‌ನ ಆಂಟೆನಾಗಳು ಉದ್ದದ ಅಂಚುಗಳಲ್ಲಿ. ಈ ವಾಡಿಕೆಯನ್ನು ಮುರಿಯಬಹುದು. ಆದರೆ ಹಿಡಿಯುವ ಕೈ ಎಲ್ಲಿರುತ್ತದೆ ಎಂಬುದನ್ನು ಬರೆದಿಟ್ಟುಕೊಂಡೇ ಮುರಿಯಬೇಕು. ಆಟವಾಡುವಾಗ ಫೋನನ್ನು ಅಡ್ಡ ಹಿಡಿದರೆ ಎರಡೂ ತುದಿಗಳು ಅಂಗೈಯೊಳಗೆ ಮುಚ್ಚಿಹೋಗುತ್ತವೆ ಎಂಬುದನ್ನು ಮರೆಯಬೇಡಿ.

ಹಂತ 4: ಬರಿಯ ಚಾಸಿಯನ್ನು ಓದಿ

ಚಾಸಿ ಎಂದರೆ ಫೋನಿನ ಒಟ್ಟು ಲೋಹದ ಒಡಲು. ಈಗ ಸಿಮ್ಯುಲೇಷನ್ ತೆರೆಯಬಹುದು. ಸಿಎಸ್‌ಟಿ ಆಗಲಿ ಎಚ್‌ಎಫ್‌ಎಸ್‌ಎಸ್ ಆಗಲಿ, ಸಿಮ್ಯುಲೇಷನ್ ಸಾಫ್ಟ್‌ವೇರ್ ಯಾವುದೇ ಇರಲಿ, ಮೊದಲ ಮಾದರಿಯಲ್ಲಿ ಆಂಟೆನಾ ಬೇಡ. 160 ಮಿ.ಮೀ. ಉದ್ದ, 75 ಮಿ.ಮೀ. ಅಗಲದ ಲೋಹದ ಹಲಗೆಯೊಂದನ್ನು ಇಟ್ಟು ಅದರ ಲಾಕ್ಷಣಿಕ ಮೋಡ್‌ಗಳನ್ನು ಲೆಕ್ಕಿಸಿ. ಹ್ಯಾರಿಂಗ್ಟನ್ ಮತ್ತು ಮೌಟ್ಜ್ 1971ರಲ್ಲಿ ಸಂಖ್ಯಾ ರೂಪಕ್ಕೆ ತಂದ ಈ ವಿಧಾನ, ಫೀಡ್ (ಸಂಕೇತ ಉಣಿಸುವ ಬಿಂದು) ಇಲ್ಲದೆಯೂ ಒಂದು ಲೋಹದ ಆಕಾರ ಯಾವ ಯಾವ ರೀತಿಯಲ್ಲಿ ಅನುರಣಿಸಲು ಒಪ್ಪುತ್ತದೆ ಎಂಬುದನ್ನು ತೋರಿಸುತ್ತದೆ.

ಈ ಗಾತ್ರದ ಹಲಗೆಯ ಮೊದಲ ಮೋಡ್ ಉದ್ದಕ್ಕೆ ಮಲಗಿದ ಡೈಪೋಲ್‌ನಂತೆ, ಸುಮಾರು 800ರಿಂದ 900 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಕಾಣಿಸುತ್ತದೆ. ಅದರ ಪ್ರವಾಹ ಫೋನಿನ ನಡುವಿನಲ್ಲಿ ಅತಿ ಹೆಚ್ಚು, ವಿದ್ಯುತ್ ಕ್ಷೇತ್ರ ಎರಡು ತುದಿಗಳಲ್ಲಿ ಅತಿ ಹೆಚ್ಚು. ಇದರಿಂದ ಎರಡು ಪಾಠ. ಕೆಪಾಸಿಟಿವ್ ಪಟ್ಟಿಯಿಂದ ಎಬ್ಬಿಸುವುದಾದರೆ ತುದಿಯಲ್ಲಿ ಎಬ್ಬಿಸಬೇಕು. ಲೂಪ್‌ನಿಂದ ಎಬ್ಬಿಸುವುದಾದರೆ ಉದ್ದದ ಅಂಚಿನ ನಡುವೆ. ತಪ್ಪು ಜಾಗದಲ್ಲಿ ಸರಿಯಾದ ಪಟ್ಟಿಯನ್ನು ಇಟ್ಟರೂ ಚಾಸಿ ಮಲಗಿಯೇ ಇರುತ್ತದೆ. 600 ಮೆಗಾಹರ್ಟ್ಸ್ ಏಕೆ ಇಷ್ಟು ಕಾಡುತ್ತದೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ: ಅಲ್ಲಿ ಚಾಸಿ ತನ್ನ ಸಹಜ ಅನುರಣನಕ್ಕಿಂತ ಕೆಳಗಿದೆ, ಬ್ಯಾಂಡ್ ಬಿಗಿಯಾಗುತ್ತ ಹೋಗುತ್ತದೆ.

ಅನಂತರ ಒಂದೊಂದಾಗಿ ಬ್ಯಾಟರಿ, ಡಿಸ್‌ಪ್ಲೇ ತಗಡು, ಶೀಲ್ಡ್ ಡಬ್ಬಿಗಳು, ಕ್ಯಾಮೆರಾ ಸೇರಿಸಿ. ಪ್ರತಿ ಸೇರ್ಪಡೆಯ ನಂತರ ಮೋಡ್‌ಗಳನ್ನು ಮತ್ತೆ ನೋಡಿ. ಗ್ರೌಂಡಿಗೆ ಒಂದೇ ಕಡೆ ತಾಗಿರುವ ದೊಡ್ಡ ಲೋಹದ ಭಾಗ ತಾನೇ ಒಂದು ಅನುರಣಕವಾಗಿ, ಬ್ಯಾಂಡ್‌ನ ನಡುವೆ ದಕ್ಷತೆಯನ್ನು ಹೀರಿಕೊಳ್ಳುವ ಗುಂಡಿಯನ್ನು ತೋಡುತ್ತದೆ. ಮಡಚುವ ಫೋನಾದರೆ ತೆರೆದ ಸ್ಥಿತಿಗೂ ಮುಚ್ಚಿದ ಸ್ಥಿತಿಗೂ ಪ್ರತ್ಯೇಕ ಅಧ್ಯಯನ ಬೇಕು. ಮುಚ್ಚಿದಾಗ ಎರಡು ಹಲಗೆಗಳ ಪ್ರವಾಹಗಳು ಎದುರುಬದುರಾಗಿ ಪರಸ್ಪರ ಅಳಿಸಿಹಾಕಬಹುದು, ಹಿಂಜಿನ ಮೂಲಕ ಗ್ರೌಂಡ್ ಎಲ್ಲೆಲ್ಲಿ ಕೂಡಿಕೊಳ್ಳುತ್ತದೆ ಎಂಬುದು ಎಲ್ಲವನ್ನೂ ನಿರ್ಧರಿಸುತ್ತದೆ.

ಹಂತ 5: ಕೆಳ ಬ್ಯಾಂಡ್ ಆಂಟೆನಾ ಮತ್ತು ಅದರ ಸ್ವಿಚ್

ಲೋಹದ ಚೌಕಟ್ಟಿನ ಫೋನಿನಲ್ಲಿ ಎರಡು ಸೀಳುಗಳ ನಡುವಿನ ತುಂಡನ್ನೇ ತಲೆಕೆಳಗಾದ ಎಫ್ ಆಕಾರದ ಆಂಟೆನಾವಾಗಿ ಬಳಸುವುದು ಸಾಮಾನ್ಯ. ಒಂದು ಕಡೆ ಗ್ರೌಂಡ್ ಕಾಲು, ಸ್ವಲ್ಪ ದೂರದಲ್ಲಿ ಫೀಡ್, ಇನ್ನೊಂದು ತುದಿ ತೆರೆದದ್ದು. ಗಾಜು ಅಥವಾ ಪ್ಲಾಸ್ಟಿಕ್ ಬೆನ್ನಿನ ಫೋನಾದರೆ ಪ್ಲಾಸ್ಟಿಕ್ ಆಧಾರದ ಮೇಲೆ ಲೇಸರ್‌ನಿಂದ ಗೆರೆ ಕೊರೆದು ಲೋಹ ಲೇಪಿಸುವ ಎಲ್‌ಡಿಎಸ್ ವಿಧಾನವನ್ನೋ, ಬಾಗುವ ಸರ್ಕಿಟ್ ಹಾಳೆಯನ್ನೋ ಬಳಸಬಹುದು.

ಒಂದೇ ಸ್ಥಿತಿಯಲ್ಲಿ ಶೇ 43 ಅಗಲ ಸಿಗದು ಎಂದು ಹಂತ 2ರಲ್ಲಿ ಕಂಡಿದ್ದೇವೆ. ಆದ್ದರಿಂದ ಅಪರ್ಚರ್ ಟ್ಯೂನಿಂಗ್ ಅನಿವಾರ್ಯ: ಆಂಟೆನಾದ ಮೈಮೇಲೆಯೇ ಒಂದು ಸ್ವಿಚ್ ಇಟ್ಟು, ಬೇರೆ ಬೇರೆ ಇಂಡಕ್ಟರ್ ಅಥವಾ ಕೆಪಾಸಿಟರ್‌ಗಳ ಮೂಲಕ ಗ್ರೌಂಡಿಗೆ ಸೇರಿಸುವುದು. ಕೆಪಾಸಿಟರ್ ಸೇರಿಸಿದರೆ ಅನುರಣನ ಕೆಳಗಿಳಿಯುತ್ತದೆ, ಇಂಡಕ್ಟರ್ ಸೇರಿಸಿದರೆ ಮೇಲೇರುತ್ತದೆ. ನಾಲ್ಕು ದಾರಿಗಳ ಸ್ವಿಚ್ ಇದ್ದರೆ ಕೆಳ ಬ್ಯಾಂಡನ್ನು ನಾಲ್ಕೈದು ಹೋಳುಗಳಾಗಿ ಹಂಚಿಕೊಳ್ಳಬಹುದು.

ಸ್ವಿಚ್ ಎಲ್ಲಿಡಬೇಕು ಎಂಬುದರಲ್ಲಿ ಇಡೀ ಕಲೆ ಅಡಗಿದೆ. ತೆರೆದ ತುದಿಯ ಹತ್ತಿರ ಇಟ್ಟರೆ ಪರಿಣಾಮ ದೊಡ್ಡದು, ಆದರೆ ಅಲ್ಲಿನ ವೋಲ್ಟೇಜ್ ಕೂಡ ದೊಡ್ಡದು. 23 ಡಿಬಿಎಂ (ಒಂದು ಮಿಲಿವ್ಯಾಟ್‌ಗೆ ಹೋಲಿಸಿದ ಡೆಸಿಬೆಲ್, ಇಲ್ಲಿ ಸುಮಾರು 0.2 ವ್ಯಾಟ್) ಶಕ್ತಿ 50 ಓಮ್‌ನಲ್ಲಿ ನಾಲ್ಕೂವರೆ ವೋಲ್ಟ್ ಶಿಖರ ಮಾತ್ರ. ಹೆಚ್ಚಿನ ಕ್ಯೂ ಇರುವ ಆಂಟೆನಾದ ತುದಿಯಲ್ಲಿ ಅದು ಹತ್ತಾರು ವೋಲ್ಟ್ ಮುಟ್ಟುತ್ತದೆ. ತಡೆಯಲಾರದ ಸ್ವಿಚ್ ಬಾಗಿಲು ಮುಚ್ಚಿದ್ದರೂ ಸೋರುತ್ತದೆ, ಮೂಲ ಆವರ್ತನದ ಇಮ್ಮಡಿ ಮುಮ್ಮಡಿಗಳಾದ ಹಾರ್ಮೋನಿಕ್‌ಗಳನ್ನು ಹುಟ್ಟಿಸುತ್ತದೆ. ಗ್ರೌಂಡ್ ಕಾಲಿನ ಹತ್ತಿರ ಇಟ್ಟರೆ ವೋಲ್ಟೇಜ್ ಭಯವಿಲ್ಲ, ಆದರೆ ಪ್ರವಾಹ ಹೆಚ್ಚು. ಸ್ವಿಚ್ಚಿನ ಒಂದೆರಡು ಓಮ್ ಪ್ರತಿರೋಧವೇ ಶಕ್ತಿಯನ್ನು ಬಿಸಿಯಾಗಿ ಸುಡುತ್ತದೆ. ನಾನು ಸಾಮಾನ್ಯವಾಗಿ ನಡುವಿನ ಜಾಗದಿಂದ ಆರಂಭಿಸಿ, ಎರಡೂ ದಿಕ್ಕಿಗೆ ಹತ್ತು ಮಿಲಿಮೀಟರ್ ಸರಿಸಿ ದಕ್ಷತೆಯನ್ನು ಹೋಲಿಸುತ್ತೇನೆ. ಸಿಮ್ಯುಲೇಷನ್‌ನಲ್ಲಿ ಆದರ್ಶ ಸ್ವಿಚ್ ಹಾಕಬೇಡಿ. ತಯಾರಕರು ಕೊಟ್ಟ ಎಸ್ ಪ್ಯಾರಾಮೀಟರ್ (ಘಟಕ ಎಷ್ಟು ಪ್ರತಿಫಲಿಸುತ್ತದೆ, ಎಷ್ಟು ಹಾಯಿಸುತ್ತದೆ ಎಂಬ ಅಳತೆ) ಕಡತವನ್ನೇ ಹಾಕಿ. ಇಂಡಕ್ಟರ್‌ಗಳಿಗೂ ಇದೇ ಮಾತು. ತಂತಿ ಸುತ್ತಿದ ಇಂಡಕ್ಟರ್ ದುಬಾರಿ ಎಂದು ಪದರದ ಇಂಡಕ್ಟರ್‌ಗೆ ಇಳಿದರೆ ಕೆಳ ಬ್ಯಾಂಡ್‌ನಲ್ಲಿ ನಷ್ಟ ತಕ್ಷಣ ಕಾಣುತ್ತದೆ.

ಹಂತ 1ರ ಕೊನೆಯ ಅಂಕಣ ಈಗ ಉಪಯೋಗಕ್ಕೆ ಬರುತ್ತದೆ. ಸ್ವಿಚ್ ಒಂದು ಗಳಿಗೆಯಲ್ಲಿ ಒಂದೇ ಸ್ಥಿತಿಯಲ್ಲಿರಬಲ್ಲದು. ಎರಡು ಕೆಳ ಬ್ಯಾಂಡ್‌ಗಳು ಒಟ್ಟಿಗೆ ಬೇಕೆಂದಾದರೆ ಒಂದನ್ನು ಕೆಳ ತುದಿಗೂ ಮತ್ತೊಂದನ್ನು ಮೇಲ್ತುದಿಗೂ ಕೊಡಬೇಕು, ಇಲ್ಲವೇ ಎರಡಕ್ಕೂ ಅರೆಬರೆ ಹೊಂದುವ ಪ್ರತ್ಯೇಕ ಸ್ಥಿತಿಯೊಂದನ್ನು ಕಾದಿರಿಸಬೇಕು.

ಇಲ್ಲಿ ಹೊಸಬರು ಬೀಳುವ ಬಲೆಯೊಂದಿದೆ: ಎಸ್11 (ಫೀಡ್‌ನಿಂದ ಪ್ರತಿಫಲಿಸಿ ಹಿಂದಿರುಗುವ ಪಾಲು) ರೇಖೆಯ ಮೋಹ. 50 ಓಮ್‌ನ ರೆಸಿಸ್ಟರ್ ಒಂದಕ್ಕೆ ಅತ್ಯುತ್ತಮ ಎಸ್11 ಇದೆ, ಅದು ಒಂದಿಷ್ಟೂ ಪ್ರಸರಿಸುವುದಿಲ್ಲ. ಎಸ್11 ಮೈನಸ್ 6 ಡಿಬಿ ಇದ್ದಾಗ ಕಾಲು ಭಾಗ ಶಕ್ತಿ ಹಿಂದಿರುಗುತ್ತದೆ, ನಷ್ಟ 1.25 ಡಿಬಿ. ಮ್ಯಾಚಿಂಗನ್ನು (ಇಂಪಿಡೆನ್ಸ್ ಹೊಂದಾಣಿಕೆ) ಪರಿಪೂರ್ಣ ಮಾಡಿದರೂ ಗಳಿಸುವುದು ಅಷ್ಟೇ. ಪ್ರಸರಣ ದಕ್ಷತೆಯೇ ಮೈನಸ್ 5 ಡಿಬಿ ಇದ್ದರೆ ಮ್ಯಾಚಿಂಗ್ ಘಟಕಗಳನ್ನು ಬದಲಿಸುತ್ತ ಕೂರುವುದು ವ್ಯರ್ಥ. ಕ್ಲಿಯರೆನ್ಸ್‌ಗೂ ಸ್ವಿಚ್ಚಿನ ಜಾಗಕ್ಕೂ ಹಿಂದಿರುಗಿ.

ಹಂತ 6: ಮಧ್ಯಮ ಮತ್ತು ಮೇಲಿನ ಬ್ಯಾಂಡ್‌ಗಳು, ಮೈಮೊ

1.7 ಗಿಗಾಹರ್ಟ್ಸ್ ದಾಟಿದರೆ ಪಟ್ಟಿಗಳು ತಾವೇ ಪ್ರಸರಿಸಬಲ್ಲಷ್ಟು ದೊಡ್ಡವಾಗುತ್ತವೆ, ಹೋರಾಟದ ಸ್ವರೂಪ ಬದಲಾಗುತ್ತದೆ. ಇಲ್ಲಿ ಸಮಸ್ಯೆ ಸಂಖ್ಯೆಯದು. ನಾಲ್ಕು ಆಂಟೆನಾಗಳ ಮೈಮೊ (ಹಲವು ಆಂಟೆನಾಗಳಿಂದ ಏಕಕಾಲಕ್ಕೆ ದತ್ತಾಂಶ ಹರಿಸುವ ವಿಧಾನ) ಬೇಕಾದಲ್ಲಿ 3300ರಿಂದ 5000 ಮೆಗಾಹರ್ಟ್ಸ್‌ಗೆ ನಾಲ್ಕು ಆಂಟೆನಾ, ಜೊತೆಗೆ ವೈಫೈಗೆ ಎರಡು, ಎಲ್ಲವೂ ಫೋನಿನ ಅಂಚುಗಳ ಮೇಲೆಯೇ ಪರಸ್ಪರ ತಾಗುವಷ್ಟು ಹತ್ತಿರ.

ಎರಡು ಆಂಟೆನಾಗಳ ನಡುವೆ ಪ್ರತ್ಯೇಕತೆ ಕನಿಷ್ಠ 10 ಡಿಬಿ ಇರಲಿ, ಮೇಲಿನ ಬ್ಯಾಂಡ್‌ಗಳಲ್ಲಿ 15ಕ್ಕೆ ಪ್ರಯತ್ನಿಸಿ. ಸಂಬಂಧಾಂಕ (ಎರಡು ಆಂಟೆನಾಗಳ ವಿಕಿರಣ ಎಷ್ಟು ಹೋಲುತ್ತದೆ ಎಂಬ ಅಂಕ) 0.5ರ ಕೆಳಗಿದ್ದರೆ ಮೈಮೊ ಕೆಲಸ ಮಾಡುತ್ತದೆ. ಈ ಅಂಕವನ್ನು ಎಸ್ ಪ್ಯಾರಾಮೀಟರ್‌ಗಳಿಂದ ಲೆಕ್ಕಿಸುವ ಸುಲಭ ಸೂತ್ರ ನಷ್ಟವಿಲ್ಲದ ಆಂಟೆನಾಗಳಿಗೆ ಮಾತ್ರ ನಿಜ. ಫೋನಿನ ಆಂಟೆನಾಗಳಿಗೆ ಅದು ಸುಳ್ಳು ಸಮಾಧಾನ ಕೊಡುತ್ತದೆ. ಮೂರು ಆಯಾಮದ ವಿಕಿರಣ ಚಿತ್ರಗಳಿಂದಲೇ ಲೆಕ್ಕಿಸಿ.

ಕೆಳ ಬ್ಯಾಂಡ್‌ನ ಮೈಮೊ ಇದಕ್ಕಿಂತ ಕಠಿಣ. ಮೇಲ್ತುದಿಯ ಆಂಟೆನಾ, ಕೆಳ ತುದಿಯ ಆಂಟೆನಾ ಎರಡೂ ಎಬ್ಬಿಸುವುದು ಚಾಸಿಯ ಅದೇ ಮೊದಲ ಮೋಡನ್ನು. ಫೀಡ್‌ಗಳು ಎರಡಾದರೂ ಆಂಟೆನಾ ಒಂದೇ! ದೂರ ಹೆಚ್ಚಿಸಿ ಪ್ರಯೋಜನವಿಲ್ಲ. ಎರಡನೆಯದು ಬೇರೊಂದು ಮೋಡನ್ನು, ಉದಾಹರಣೆಗೆ ಉದ್ದದ ಅಂಚುಗಳ ಮೂಲಕ ಅಡ್ಡ ದಿಕ್ಕಿನ ಪ್ರವಾಹವನ್ನು ಎಬ್ಬಿಸುವಂತೆ ರೂಪಿಸಬೇಕು. ಹಂತ 4ರಲ್ಲಿ ಮೋಡ್‌ಗಳನ್ನು ಓದಿಟ್ಟುಕೊಂಡವರಿಗೆ ಈ ದಾರಿ ಕಾಣುತ್ತದೆ. ಅಕ್ಕಪಕ್ಕದ ಮೇಲಿನ ಬ್ಯಾಂಡ್ ಆಂಟೆನಾಗಳಿಗೆ ಸುಲಭದ ಮದ್ದುಗಳಿವೆ: ನಡುವೆ ಒಂದು ಗ್ರೌಂಡ್ ಸ್ಪ್ರಿಂಗ್, ಎರಡನ್ನೂ ಜೋಡಿಸುವ ಚಿಕ್ಕ ಇಂಡಕ್ಟರ್, ಅಥವಾ ಒಂದು ಸೀಳು ಇನ್ನೊಂದು ಲೂಪ್ ಎಂಬಂತೆ ಜಾತಿ ಬದಲಿಸುವುದು.

ಫಿಲ್ಟರ್ ತಂಡದೊಂದಿಗೆ ಕುಳಿತು ಮಾಡಬೇಕಾದ ಲೆಕ್ಕವೊಂದಿದೆ. ಬ್ಯಾಂಡ್ 3ರ ಮೇಲ್ಮುಖ ಸಂಕೇತ 1710ರಿಂದ 1785 ಮೆಗಾಹರ್ಟ್ಸ್. ಇದರ ಇಮ್ಮಡಿ 3420ರಿಂದ 3570. ನೇರವಾಗಿ ಎನ್78ರ ಎದೆಯ ಮೇಲೆ. ಈ ಎರಡು ಒಟ್ಟಿಗೆ ನಡೆಯುವಾಗ ಒಂದರ ಹಾರ್ಮೋನಿಕ್ ಇನ್ನೊಂದರ ಗ್ರಾಹಕವನ್ನು ಕಿವುಡಾಗಿಸುತ್ತದೆ. ಇವೆರಡಕ್ಕೂ ಸಾಧ್ಯವಾದಷ್ಟು ದೂರದ ಆಂಟೆನಾಗಳನ್ನು ಕೊಡಿ. ಹಾಗೆಯೇ ಬ್ಯಾಂಡ್ 13ರ 777ರಿಂದ 787 ಮೆಗಾಹರ್ಟ್ಸ್ ಸಂಕೇತದ ಇಮ್ಮಡಿ ಜಿಪಿಎಸ್‌ನ ಬಾಗಿಲಿಗೆ ಬಂದು ನಿಲ್ಲುತ್ತದೆ. ಎನ್79 ಮುಗಿಯುವ 5000ಕ್ಕೂ ವೈಫೈ ಆರಂಭವಾಗುವ 5150ಕ್ಕೂ ನಡುವೆ 150 ಮೆಗಾಹರ್ಟ್ಸ್ ಮಾತ್ರ ಅಂತರವಿದೆ.

ಹಂತ 7: ಉಳಿದ ಸಣ್ಣ ಆಂಟೆನಾಗಳು

ಜಿಪಿಎಸ್‌ಗೆ ಬೇಕಾದದ್ದು ಆಕಾಶದ ಕಡೆಗಿನ ನೋಟ. ಒಟ್ಟು ದಕ್ಷತೆಯ ಜೊತೆಗೆ ಮೇಲಿನ ಅರ್ಧಗೋಳಕ್ಕೆ ಹೋಗುವ ಪಾಲನ್ನೂ ಅಳೆಯಿರಿ. ಎನ್‌ಎಫ್‌ಸಿ ಸುರುಳಿ ಆಂಟೆನಾ ಅನ್ನುವುದಕ್ಕಿಂತ ಟ್ರಾನ್ಸ್‌ಫಾರ್ಮರ್‌ನ ಅರ್ಧ. ಬ್ಯಾಟರಿಯ ಲೋಹಕ್ಕೂ ಸುರುಳಿಗೂ ನಡುವೆ ಫೆರೈಟ್ ಹಾಳೆ ಇರಲಿ, ಅಷ್ಟು ಸಾಕು. ಅಲ್ಟ್ರಾ ವೈಡ್‌ಬ್ಯಾಂಡ್‌ನಲ್ಲಿ ದಿಕ್ಕು ಅಳೆಯುವ ಆಂಟೆನಾ ಜೋಡಿಗೆ ಅರ್ಧ ತರಂಗಾಂತರದ ಅಂತರ ಮತ್ತು ಸ್ಥಿರವಾದ ಫೇಸ್ ಮುಖ್ಯ.

ಉಪಗ್ರಹ ಸಂಪರ್ಕದ ಬಗ್ಗೆ ಒಂದು ಮಾತು. 2022ರ ಐಫೋನ್ 14 ಗ್ಲೋಬಲ್‌ಸ್ಟಾರ್ ಉಪಗ್ರಹಗಳೊಂದಿಗೆ ಮಾತನಾಡತೊಡಗಿದಾಗ ಬಳಕೆದಾರರು ಫೋನನ್ನು ಉಪಗ್ರಹದತ್ತ ತಿರುಗಿಸಬೇಕಾಯಿತು. ದೂರ ಅಷ್ಟಿರುವಲ್ಲಿ ಒಂದೊಂದು ಡಿಬಿಯೂ ಅಮೂಲ್ಯ ಎಂಬುದೇ ಇದಕ್ಕೆ ಕಾರಣ. ಇಲ್ಲಿ ಗರಿಷ್ಠ ಗೇನ್ (ಒಂದು ದಿಕ್ಕಿಗೆ ಶಕ್ತಿಯನ್ನು ಒಗ್ಗೂಡಿಸುವ ಅಳತೆ) ಯಾವ ದಿಕ್ಕಿಗಿದೆ ಎಂಬುದನ್ನು ಫೋನಿನ ಚಿತ್ರದ ಮೇಲೆ ಬಾಣ ಹಾಕಿ ಗುರುತಿಸಿ, ಪರದೆಯ ಮೇಲೆ ದಾರಿ ತೋರಿಸುವ ಸಾಫ್ಟ್‌ವೇರ್ ತಂಡಕ್ಕೆ ಕೊಡಿ.

ಹಂತ 8: ಮಿಲಿಮೀಟರ್ ತರಂಗ

24 ಗಿಗಾಹರ್ಟ್ಸ್ ದಾಟಿದ ಮೇಲೆ ಈವರೆಗಿನ ಮಾತು ತಲೆಕೆಳಗಾಗುತ್ತದೆ: ಚಾಸಿ ಇಲ್ಲಿ ಆಂಟೆನಾ ಅಲ್ಲ, ಅಡ್ಡಗೋಡೆ. 3.5ರಿಂದ 28 ಗಿಗಾಹರ್ಟ್ಸ್‌ಗೆ ಎಂಟು ಪಟ್ಟು ಏರಿದರೆ, ಆಂಟೆನಾ ಗೇನ್ ಅಷ್ಟೇ ಇದ್ದಾಗ, ಅದೇ ದೂರಕ್ಕೆ ನಷ್ಟ 18 ಡಿಬಿ ಹೆಚ್ಚು. ಅದನ್ನು ತುಂಬಿಕೊಳ್ಳಲು ಪ್ಯಾಚ್ ಆಂಟೆನಾಗಳನ್ನು ಸಾಲಾಗಿ ಜೋಡಿಸುತ್ತೇವೆ. ನಾಲ್ಕರ ಸಾಲು 6 ಡಿಬಿ ಕೊಡುತ್ತದೆ. ಅಂತರ ಸುಮಾರು 5 ಮಿ.ಮೀ. ಆಂಟೆನಾ, ಫೇಸ್ ಶಿಫ್ಟರ್, ವರ್ಧಕ ಎಲ್ಲ ಒಂದೇ ಮಾಡ್ಯೂಲಿನಲ್ಲಿ ಬರುತ್ತವೆ. ಕ್ವಾಲ್ಕಾಮ್ 2018ರಲ್ಲಿ ಪ್ರಕಟಿಸಿದ ಕ್ಯೂಟಿಎಂ052 ಇಂಥ ಮೊದಲ ಮಾಡ್ಯೂಲುಗಳಲ್ಲಿ ಒಂದು. ಆದ್ದರಿಂದ ಫೋನ್ ವಿನ್ಯಾಸಕರ ಕೆಲಸ ಪ್ಯಾಚ್ ಬಿಡಿಸುವುದಲ್ಲ, ಮಾಡ್ಯೂಲಿಗೆ ಕಿಟಕಿ ಒದಗಿಸುವುದು.

ಕಿಟಕಿಯ ಲೆಕ್ಕ ಸೂಕ್ಷ್ಮ. 6.5 ಡೈಎಲೆಕ್ಟ್ರಿಕ್ ಅಂಕದ ಗಾಜು 28 ಗಿಗಾಹರ್ಟ್ಸ್‌ಗೆ ಪಾರದರ್ಶಕವಾಗಬೇಕಾದರೆ 2.1 ಮಿ.ಮೀ. ದಪ್ಪವಿರಬೇಕು. ಫೋನಿನ ಬೆನ್ನಿನ ಗಾಜು ಅದಕ್ಕಿಂತ ತುಂಬ ತೆಳು, ಆದ್ದರಿಂದ ಪ್ರತಿಫಲನ ಇದ್ದೇ ಇರುತ್ತದೆ. ಮಾಡ್ಯೂಲಿಗೂ ಗಾಜಿಗೂ ನಡುವಿನ ಗಾಳಿಯ ಅಂತರವನ್ನು 0.1 ಮಿ.ಮೀ. ಹೆಜ್ಜೆಗಳಲ್ಲಿ ಬದಲಿಸಿ ಸಿಮ್ಯುಲೇಟ್ ಮಾಡಿ, ಆಯ್ದ ಅಂತರವನ್ನು ಯಾಂತ್ರಿಕ ನಕ್ಷೆಯಲ್ಲಿ ಸಹನಾ ಮಿತಿಯೊಂದಿಗೆ ಬರೆಯಿಸಿ.

ಬೆರಳೊಂದು ಮಾಡ್ಯೂಲಿನ ಮೇಲೆ ಬಂದರೆ ಸಂಪರ್ಕವೇ ಕಡಿದಂತಾಗುತ್ತದೆ. ಅದಕ್ಕಾಗಿ ಬೇರೆ ಬೇರೆ ಮುಖಗಳಲ್ಲಿ ಎರಡು ಮೂರು ಮಾಡ್ಯೂಲುಗಳು ಬೇಕು. ಮೊಬೈಲ್ ಜಾಲಗಳ ನಿಯಮ ರೂಪಿಸುವ 3ಜಿಪಿಪಿಯ ಮಾನದಂಡ ಗರಿಷ್ಠ ಶಕ್ತಿಯ ಜೊತೆಗೆ ಗೋಳದ ಹರಹನ್ನೂ ಕೇಳುತ್ತದೆ: 28 ಗಿಗಾಹರ್ಟ್ಸ್ ಆಸುಪಾಸಿನ ಎನ್257ರಲ್ಲಿ ಸಾಮಾನ್ಯ ಫೋನಿನ ಪ್ರಸಾರಿತ ಶಕ್ತಿಯ ಶಿಖರ ಕನಿಷ್ಠ 22.4 ಡಿಬಿಎಂ, ಅರ್ಧ ಗೋಳದಷ್ಟು ದಿಕ್ಕುಗಳಲ್ಲಿ ಕನಿಷ್ಠ 11.5 ಡಿಬಿಎಂ ಇರಬೇಕು. ನನ್ನ ಅನುಭವದಲ್ಲಿ ಫೋನುಗಳು ತಡವರಿಸುವುದು ಎರಡನೆಯ ಸಂಖ್ಯೆಯಲ್ಲಿ.

ಹಂತ 9: ಕೈ, ತಲೆ ಮತ್ತು ಎಸ್‌ಎಆರ್

2010ರಲ್ಲಿ ಐಫೋನ್ 4 ಬಂದಾಗ ಅದರ ಹೊರ ಚೌಕಟ್ಟೇ ಆಂಟೆನಾ ಆಗಿತ್ತು. ಕೆಳಗಿನ ಎಡಬದಿಯ ಸೀಳನ್ನು ಅಂಗೈ ಮುಚ್ಚಿದಾಗ ಸಿಗ್ನಲ್ ಕುಗ್ಗುತ್ತಿತ್ತು. ಆಪಲ್ ಉಚಿತವಾಗಿ ಕವಚ ಹಂಚಬೇಕಾಯಿತು. ಲೋಹದ ಚೌಕಟ್ಟಿನ ಕಲ್ಪನೆ ತಪ್ಪಾಗಿರಲಿಲ್ಲ, ಇಂದಿನ ಹಲವು ಫೋನುಗಳು ಅದೇ ದಾರಿಯಲ್ಲಿವೆ. ವಿದ್ಯುತ್ ಕ್ಷೇತ್ರ ಅತಿ ಹೆಚ್ಚಿರುವ ಸೀಳು ಕೈ ಸಹಜವಾಗಿ ಕೂರುವ ಜಾಗದಲ್ಲಿತ್ತು, ಕೆಡುಕು ಅಲ್ಲಿತ್ತು.

ಆದ್ದರಿಂದ ಸಿಮ್ಯುಲೇಷನ್‌ನಲ್ಲಿ ಬರಿ ಗಾಳಿಯ ಸ್ಥಿತಿಯನ್ನು ಮಾತ್ರ ನೋಡಿ ತೃಪ್ತರಾಗಬೇಡಿ. ಪ್ರಮಾಣೀಕೃತ ತಲೆ ಮತ್ತು ಕೈಯ ಮಾದರಿಗಳನ್ನು ಎಡಕ್ಕೂ ಬಲಕ್ಕೂ ಇಟ್ಟು ನೋಡಿ. ಗಾಳಿಯಲ್ಲಿ ಒಂದು ಡಿಬಿ ಹಿಂದಿದ್ದು, ಕೈಯಲ್ಲಿ ಮೂರು ಡಿಬಿ ಮುಂದಿರುವ ವಿನ್ಯಾಸವನ್ನೇ ನಾನು ಆರಿಸುತ್ತೇನೆ; ಫೋನನ್ನು ಯಾರೂ ಗಾಳಿಯಲ್ಲಿ ತೇಲಿಸಿ ಮಾತನಾಡುವುದಿಲ್ಲ. ಮೇಲಿನ ಮತ್ತು ಕೆಳಗಿನ ಆಂಟೆನಾಗಳನ್ನು ಅದಲುಬದಲು ಮಾಡುವ ಸ್ವಿಚ್ ಇದ್ದರೆ, ಮುಚ್ಚಿಹೋದ ಆಂಟೆನಾದಿಂದ ಪ್ರಸಾರವನ್ನು ಬೇರೆಡೆಗೆ ಸರಿಸಬಹುದು.

ದೇಹ ಹೀರುವ ಶಕ್ತಿಯ (ಇದೇ ಎಸ್‌ಎಆರ್) ಮಿತಿ ಅಮೆರಿಕದಲ್ಲಿ 1 ಗ್ರಾಂ ಅಂಗಾಂಶಕ್ಕೆ ಸರಾಸರಿ ಕಿಲೋಗ್ರಾಂಗೆ 1.6 ವ್ಯಾಟ್, ಯುರೋಪಿನಲ್ಲಿ 10 ಗ್ರಾಂ ಸರಾಸರಿಯಲ್ಲಿ 2 ವ್ಯಾಟ್. ಮಿಲಿಮೀಟರ್ ತರಂಗದಲ್ಲಿ ಇದರ ಬದಲು ಚದರ ಮೀಟರಿಗೆ ಎಷ್ಟು ಶಕ್ತಿ ಎಂದು ಅಳೆಯುತ್ತಾರೆ. ಸಾಮೀಪ್ಯ ಸಂವೇದಕ ನೋಡಿ ಶಕ್ತಿ ಇಳಿಸುವುದು ರೂಢಿ. ಆದರೆ ಪ್ರವಾಹ ಒಂದೇ ಬಿಂದುವಿನಲ್ಲಿ ದಟ್ಟೈಸದಂತೆ ಮೊದಲೇ ಹರಡಿದರೆ ಇಳಿಸಬೇಕಾದ ಶಕ್ತಿಯೂ ಕಡಿಮೆಯಾಗುತ್ತದೆ.

ಹಂತ 10: ಮಾದರಿ ಮಾಡಿ, ಅಳೆಯಿರಿ

ಮೊದಲ ಮಾದರಿಗೆ ತಾಮ್ರದ ಟೇಪು, ಚಾಕು, ತ್ರಿಡಿ ಮುದ್ರಿತ ಹೊದಿಕೆ ಸಾಕು. ತೆಳುವಾದ ಕೋಆಕ್ಸಿಯಲ್ ಕೇಬಲನ್ನು ಫೀಡ್‌ಗೆ ಬೆಸೆದು, ಕೇಬಲ್ಲಿನ ತುದಿಯವರೆಗೆ ನೆಟ್‌ವರ್ಕ್ ಅನಲೈಜರನ್ನು ಕ್ಯಾಲಿಬ್ರೇಟ್ ಮಾಡಿ.

ಇಲ್ಲಿ ನಾನೇ ಮೋಸಹೋದ ಪ್ರಸಂಗವನ್ನು ಹೇಳಬೇಕು. ಒಮ್ಮೆ 700 ಮೆಗಾಹರ್ಟ್ಸ್‌ನಲ್ಲಿ ಸಿಮ್ಯುಲೇಷನ್‌ಗಿಂತ ಎರಡು ಡಿಬಿ ಉತ್ತಮ ದಕ್ಷತೆ ಬಂತು. ಹಿಗ್ಗಿ ವರದಿ ಬರೆದೆ. ಮರುದಿನ ಕೇಬಲ್ಲನ್ನು ಬೇರೆ ದಿಕ್ಕಿಗೆ ತಿರುಗಿಸಿ ಅಳೆದಾಗ ಆ ಎರಡು ಡಿಬಿ ಮಾಯವಾಗಿತ್ತು. ಕೇಬಲ್ಲಿನ ಹೊರಮೈ ಚಾಸಿಗೆ ಬಾಲವಾಗಿ ಅಂಟಿಕೊಂಡು ಫೋನನ್ನು ಉದ್ದ ಮಾಡಿತ್ತು. ಅಳೆದದ್ದು ಫೋನನ್ನಲ್ಲ, ಫೋನು ಮತ್ತು ಕೇಬಲ್ ಎರಡನ್ನೂ. ಅಂದಿನಿಂದ ಕೇಬಲ್ಲನ್ನು ವಿದ್ಯುತ್ ಕ್ಷೇತ್ರ ಕನಿಷ್ಠವಿರುವ ಉದ್ದದ ಅಂಚಿನ ನಡುಭಾಗದಿಂದ, ಅಂಚಿಗೆ ಲಂಬವಾಗಿ ಹೊರತೆಗೆಯುತ್ತೇನೆ, ಫೆರೈಟ್ ಮಣಿಗಳನ್ನು ತೊಡಿಸುತ್ತೇನೆ. ಕೇಬಲ್ ಮುಟ್ಟಿದಾಗ ಪರದೆಯ ರೇಖೆ ಅಲ್ಲಾಡಿದರೆ ಆ ಅಳತೆಯನ್ನು ನಂಬಬೇಡಿ.

ಹಂತ 11: ಜೀವಂತ ಫೋನಿನ ಪರೀಕ್ಷೆ

ಕೊನೆಗೆ ಕೇಬಲ್ ಇಲ್ಲದ, ಓಡುತ್ತಿರುವ ಫೋನನ್ನು ಪ್ರತಿಧ್ವನಿರಹಿತ ಕೋಣೆಯಲ್ಲಿ ಇಟ್ಟು ಒಟ್ಟು ಪ್ರಸಾರಿತ ಶಕ್ತಿಯನ್ನೂ ಒಟ್ಟು ಗ್ರಹಣ ಸಂವೇದನೆಯನ್ನೂ ಅಳೆಯುತ್ತಾರೆ. ಮೊದಲನೆಯದರ ಲೆಕ್ಕ ನೇರ: ವರ್ಧಕ 23 ಡಿಬಿಎಂ ಕೊಟ್ಟು ಆಂಟೆನಾ ದಕ್ಷತೆ ಮೈನಸ್ 6 ಡಿಬಿ ಇದ್ದರೆ 17 ಡಿಬಿಎಂ ಬರಬೇಕು. ಬಾರದಿದ್ದರೆ ಸ್ವಿಚ್ ತಪ್ಪು ಸ್ಥಿತಿಯಲ್ಲಿದೆಯೇ ಎಂದು ಮೊದಲು ನೋಡಿ. ಸಾಫ್ಟ್‌ವೇರಿನ ಕೋಷ್ಟಕದಲ್ಲಿ ಒಂದು ಸಾಲು ಹಿಂದುಮುಂದಾಗಿರುವುದು ಬಹಳ ಸಾಮಾನ್ಯ.

ಎರಡನೆಯದು ರೋಗ ಪತ್ತೆಯ ಸಾಧನ. ಕೇಬಲ್ ಮೂಲಕ ಅಳೆದ ಗ್ರಾಹಕ ಸಂವೇದನೆ ಮೈನಸ್ 100 ಡಿಬಿಎಂ, ಆಂಟೆನಾ ದಕ್ಷತೆ ಮೈನಸ್ 4 ಡಿಬಿ ಎಂದಿರಲಿ. ಕೋಣೆಯಲ್ಲಿ ಮೈನಸ್ 96 ಸಿಗಬೇಕು. ಮೈನಸ್ 92 ಸಿಕ್ಕರೆ, ಆ ನಾಲ್ಕು ಡಿಬಿಯನ್ನು ಫೋನಿನ ಒಳಗಿನ ಗದ್ದಲ ನುಂಗಿದೆ. ಡಿಸ್‌ಪ್ಲೇ ಆರಿಸಿ ಅಳೆಯಿರಿ. ಕ್ಯಾಮೆರಾ ಮುಚ್ಚಿ ಅಳೆಯಿರಿ. ಮೆಮೊರಿಯ ಗಡಿಯಾರದ ವೇಗ ಬದಲಿಸಿ ಅಳೆಯಿರಿ. ಯಾವುದನ್ನು ನಿಲ್ಲಿಸಿದಾಗ ಸಂಖ್ಯೆ ಸುಧಾರಿಸುತ್ತದೆಯೋ ಅದರ ಸುತ್ತ ಶೀಲ್ಡ್ ಬಿಗಿಮಾಡಿ, ಅದರ ಹಾಳೆಯ ಗ್ರೌಂಡ್ ಕೂಡಿಕೆಗಳನ್ನು ಹೆಚ್ಚಿಸಿ. ಪ್ರಸಾರ ನಡೆಯುವಾಗ ಮಾತ್ರ ಗದ್ದಲ ಏರುತ್ತದೆ ಎಂದಾದರೆ ಎಲ್ಲೋ ಸಡಿಲವಾದ ಲೋಹದ ಸ್ಪರ್ಶವಿದೆ, ಅದು ಡಯೋಡಿನಂತೆ ವರ್ತಿಸಿ ಹೊಸ ಆವರ್ತನಗಳನ್ನು ಹುಟ್ಟಿಸುತ್ತಿದೆ.

ಸ್ಪರ್ಶಗಳ ವಿಷಯದಲ್ಲಿ ಕಾರ್ಖಾನೆಯ ಮಾದರಿಗಳನ್ನು ಮತ್ತೆ ಮತ್ತೆ ಬಿಚ್ಚಿ ನೋಡಿ. ಆನೊಡೈಜ್ ಮಾಡಿದ ಅಲ್ಯೂಮಿನಿಯಂ ಮೇಲ್ಮೈ ವಿದ್ಯುತ್ ಹಾಯಿಸುವುದಿಲ್ಲ. ಸ್ಪ್ರಿಂಗ್ ತಾಗುವ ಚುಕ್ಕಿಯಲ್ಲಿ ಲೇಸರ್‌ನಿಂದ ಆ ಪದರವನ್ನು ತೆಗೆಯಲೇಬೇಕು, ಕೆಲವು ಗಂಟೆಗಳೊಳಗೆ ಮತ್ತೆ ಮಾಸದಂತೆ ಲೇಪ ಕೊಡಬೇಕು. ನನ್ನ ಒಂದು ಯೋಜನೆಯಲ್ಲಿ ಕ್ಯಾಮೆರಾ ಸುತ್ತಲಿನ ಅಲಂಕಾರದ ಉಂಗುರವನ್ನು ಕೊನೆಯ ಹಂತದಲ್ಲಿ ಪ್ಲಾಸ್ಟಿಕ್‌ನಿಂದ ಲೋಹಕ್ಕೆ ಬದಲಿಸಿದರು, ನಮಗೆ ತಿಳಿಸಲಿಲ್ಲ. ವೈಫೈ ಬ್ಯಾಂಡ್‌ನ ನಡುವೆ ಆಳವಾದ ಗುಂಡಿ ಬಿತ್ತು. ಗ್ರೌಂಡಿಗೆ ತಾಗದೆ ತೇಲುತ್ತಿದ್ದ ಆ ಉಂಗುರ ತಾನೇ ಅನುರಣಿಸುತ್ತಿತ್ತು. ಎದುರುಬದುರಾಗಿ ಎರಡು ಕಡೆ ವಾಹಕ ಫೋಮಿನ ತುಂಡು ಇಟ್ಟು ಉಂಗುರವನ್ನು ಗ್ರೌಂಡಿಗೆ ಸೇರಿಸಿದೆವು. ಅನುರಣನ ಬ್ಯಾಂಡ್‌ನ ಆಚೆಗೆ ಸರಿಯಿತು.